ಬರೆದಂತೆ ಓದುವ ಭಾಷೆಯಲ್ಲೂ ಪದದ ಗುರುತು ಬೇಕೇ?

ಪ್ರಶ್ನೆ: ನಾನು ಭಾಷಾವಿಜ್ಞಾನದ ವಿದ್ಯಾರ್ಥಿನಿ. ಇಂಗ್ಲಿಷ್‌ನಲ್ಲಿ ನಲವತ್ತು ಸಾವಿರ ಪದಗಳನ್ನು ಜನರಿಗೆ ತೋರಿಸಿ, ಒಂದೊಂದನ್ನು ಗುರುತಿಸಲು ಎಷ್ಟು ಹೊತ್ತು ಬೇಕು ಎಂದು ಅಳೆದಿದ್ದಾರಂತೆ. ಇಂಗ್ಲಿಷ್‌ಗೆ ಅದು ಬೇಕು, ಸರಿ. ಅಲ್ಲಿ ಬರೆಯುವುದೊಂದು, ಓದುವುದೊಂದು. ಆದರೆ ಇಟಾಲಿಯನ್, ಸ್ಪ್ಯಾನಿಷ್, ಫಿನ್ನಿಶ್, ನಮ್ಮ ಕನ್ನಡ, ಇಂಥ ಭಾಷೆಗಳಲ್ಲಿ ಅಕ್ಷರ ಗೊತ್ತಿದ್ದರೆ ಯಾವ ಪದವನ್ನಾದರೂ ಓದಬಹುದಲ್ವಾ? ಅಲ್ಲಿ ಸಾವಿರಾರು ಪದ ಇಟ್ಟುಕೊಂಡು ಅಧ್ಯಯನ ಮಾಡಿದರೆ ಸಿಗುವುದಾದರೂ ಏನು?

ಉತ್ತರ: ಒಂದು ಸಣ್ಣ ಪರೀಕ್ಷೆಯಿಂದ ಶುರು ಮಾಡೋಣ. ಈ ಎರಡನ್ನು ಗಟ್ಟಿಯಾಗಿ ಓದಿ: ಮಳೆಗಾಲ, ಗಾಳೆಲಮ.

ಎರಡರಲ್ಲೂ ಇರುವುದು ಅವೇ ನಾಲ್ಕು ಅಕ್ಷರ. ಎರಡನ್ನೂ ಹೇಗೆ ಉಚ್ಚರಿಸಬೇಕು ಎಂದು ಬರಹವೇ ಪೂರ್ತಿ ಹೇಳಿಬಿಡುತ್ತದೆ. ಆದರೂ ಮೊದಲನೆಯದು ಕಣ್ಣಿಗೆ ಬಿದ್ದ ಹಾಗೇ ಬಾಯಿಗೆ ಬಂತು. ಎರಡನೆಯದಕ್ಕೆ ಸ್ವಲ್ಪ ತಡವರಿಸಿದಿರಿ, ಅಲ್ವಾ? ಓದುವುದೆಂದರೆ ಬರೀ ಅಕ್ಷರ ಕೂಡಿಸುವುದೇ ಆಗಿದ್ದರೆ ಎರಡಕ್ಕೂ ಒಂದೇ ಹೊತ್ತು ಹಿಡಿಯಬೇಕಿತ್ತು. ಆ ಚೂರು ತಡವರಿಕೆ ಇದೆಯಲ್ಲ, ಅದನ್ನೇ ಈ ಅಧ್ಯಯನಗಳು ಅಳೆಯುತ್ತವೆ.

ನಿಮ್ಮ ಅನುಮಾನ ಹೊಸದಲ್ಲ. ಒಂದು ಕಾಲದಲ್ಲಿ ದೊಡ್ಡ ಸಂಶೋಧಕರೂ ಹೆಚ್ಚುಕಡಿಮೆ ಹೀಗೇ ಯೋಚಿಸುತ್ತಿದ್ದರು. ಬರೆದಂತೆ ಓದುವ ಭಾಷೆಯವರು ಅಕ್ಷರ ಕೂಡಿಸಿ ಓದುತ್ತಾರೆ, ಇಂಗ್ಲಿಷ್ ಓದುವವರು, ಸ್ವರಗಳನ್ನು ಬಹುಪಾಲು ಬರೆಯದ ಹೀಬ್ರೂ ಓದುವವರು ಪದವನ್ನು ಇಡಿಯಾಗಿ ಗುರುತಿಸಿ ಓದುತ್ತಾರೆ ಎಂಬ ಎಣಿಕೆ ಇತ್ತು. ಇದಕ್ಕೆ ಒಳ್ಳೆಯ ಆಧಾರವೂ ಇತ್ತು. 1987ರಲ್ಲಿ ಫ್ರಾಸ್ಟ್, ಕಾಟ್ಜ್ ಮತ್ತು ಬೆಂಟಿನ್ ಹೀಬ್ರೂ, ಇಂಗ್ಲಿಷ್ ಮತ್ತು ಸರ್ಬೋ-ಕ್ರೊಯೇಷಿಯನ್ ಭಾಷೆಗಳನ್ನು ಹೋಲಿಸಿ ನೋಡಿದರು. ಗಟ್ಟಿಯಾಗಿ ಓದುವಾಗ ಪದದ ಪರಿಚಯ ಎಷ್ಟು ನೆರವಾಗುತ್ತದೆ ಎಂಬುದು ಅವರ ಪ್ರಶ್ನೆ. ಹೀಬ್ರೂನಲ್ಲಿ ಅದು ಜಾಸ್ತಿ, ಇಂಗ್ಲಿಷ್‌ನಲ್ಲಿ ಅದಕ್ಕಿಂತ ಕಡಿಮೆ, ಸರ್ಬೋ-ಕ್ರೊಯೇಷಿಯನ್‌ನಲ್ಲಿ ತೀರಾ ಕಡಿಮೆ ಎಂದು ಕಂಡಿತು.

ಸರ್ಬೋ-ಕ್ರೊಯೇಷಿಯನ್‌ನಲ್ಲೇ ಇದಕ್ಕೂ ಮೊದಲು ನಡೆದ, ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗವಿದೆ. ಆ ಭಾಷೆಗೆ ಎರಡು ಲಿಪಿ: ರೋಮನ್ ಮತ್ತು ಸಿರಿಲಿಕ್. ಎರಡೂ ಬರೆದಂತೆ ಓದುವಂಥವೇ. ಆದರೆ ಕೆಲವು ಅಕ್ಷರಗಳ ಆಕಾರ ಎರಡರಲ್ಲೂ ಒಂದೇ, ಉಚ್ಚಾರ ಮಾತ್ರ ಬೇರೆ. ರೋಮನ್‌ನ ಬಿ ಆಕಾರ ಸಿರಿಲಿಕ್‌ನಲ್ಲಿ ‘ವ’. ಪಿ ಆಕಾರ ಅಲ್ಲಿ ‘ರ’. ಗಾಳಿಗೆ ಅವರ ಪದ ‘ವೇತರ್’. ಅದನ್ನು ಸಿರಿಲಿಕ್‌ನಲ್ಲಿ ಬರೆದರೆ ಐದೂ ಅಕ್ಷರ ರೋಮನ್ ಅಕ್ಷರಗಳ ಹಾಗೇ ಕಾಣುತ್ತವೆ. ರೋಮನ್ ಎಂದುಕೊಂಡು ಓದಿದರೆ ಅರ್ಥವಿಲ್ಲದ ‘ಬೇತಪ್’ ಆಗುತ್ತದೆ. ಅದೇ ಪದವನ್ನು ರೋಮನ್ ಲಿಪಿಯಲ್ಲೇ ಬರೆದರೆ ಈ ಗೊಂದಲ ಇಲ್ಲ. ಎರಡೂ ಲಿಪಿ ಚೆನ್ನಾಗಿ ಬಲ್ಲ ಓದುಗರಿಗೆ 1983ರಲ್ಲಿ ಫೆಲ್ಡ್‌ಮನ್ ಮತ್ತು ಟರ್ವಿ ಇಂಥ ಪದಗಳನ್ನು ತೋರಿಸಿದರು. ಗೊಂದಲದ ರೂಪಕ್ಕೆ ಹೊತ್ತು ಬಹಳ ಹೆಚ್ಚು ಹಿಡಿಯಿತು. ಅದೇ ಪದ, ಅದೇ ಅರ್ಥ, ಅದೇ ಓದುಗ. ಬದಲಾದದ್ದು ಅಕ್ಷರ ಮಾತ್ರ. ಅಂದರೆ ಅಕ್ಷರವನ್ನು ಉಚ್ಚಾರಕ್ಕೆ ತಿರುಗಿಸುವ ಕೆಲಸ ಓದು ಪಳಗಿದ ಮೇಲೂ ಒಳಗೊಳಗೇ ನಡೆಯುತ್ತಿರುತ್ತದೆ. ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ ಎಂದು ನಾನು ಒಪ್ಪುವುದು ಇದಕ್ಕೇ.

ಇನ್ನರ್ಧ ನಿಜ ಪರ್ಷಿಯನ್‌ನಲ್ಲಿ ಸಿಕ್ಕಿತು. ಪರ್ಷಿಯನ್ ಬರಹದಲ್ಲಿ ಕೆಲವು ಪದಗಳ ಸ್ವರಗಳು ಪೂರ್ತಿ ಬರೆದಿರುತ್ತವೆ. ಇನ್ನು ಕೆಲವು ಪದಗಳಲ್ಲಿ ಸ್ವರ ಬಿಟ್ಟುಹೋಗಿರುತ್ತದೆ, ಪದ ಗೊತ್ತಿದ್ದವರೇ ಓದಬೇಕು. ಒಂದೇ ಭಾಷೆಯೊಳಗೆ ಎರಡೂ ಬಗೆ. 1991ರಲ್ಲಿ ಬಾಲೂಚ್ ಮತ್ತು ಬೆಸ್ನರ್ ಇದನ್ನು ಬಳಸಿಕೊಂಡರು. ಅರ್ಥವಿಲ್ಲದ ಹುಸಿಪದಗಳನ್ನೂ ಬೆರೆಸಿ ಓದಿಸಿದಾಗ, ಸ್ವರ ಪೂರ್ತಿ ಬರೆದ ಪದಗಳಲ್ಲಿ ಬಳಕೆಯ ಪದ, ಅಪರೂಪದ ಪದ ಎಂಬ ವ್ಯತ್ಯಾಸ ಕಾಣಲಿಲ್ಲ. ಹುಸಿಪದಗಳನ್ನು ತೆಗೆದು ಬರೀ ನಿಜ ಪದಗಳನ್ನು ಕೊಟ್ಟಾಗ ಆ ವ್ಯತ್ಯಾಸ ಎದ್ದು ಕಂಡಿತು.

ಇದನ್ನು ಸ್ವಲ್ಪ ನಿಂತು ನೋಡಬೇಕು. ಓದುವವರು ಅವರೇ, ಬರಹ ಅದೇ. ಪಟ್ಟಿಯಲ್ಲಿ ಜೊತೆಗೆ ಏನಿತ್ತು ಎಂಬುದು ಮಾತ್ರ ಬದಲಾಯಿತು. ಹುಸಿಪದ ಬರುತ್ತಿದ್ದರೆ ಕೂಡಿಸಿ ಓದುವುದೇ ಕ್ಷೇಮ, ಯಾಕಂದರೆ ಅವುಗಳ ಗುರುತು ತಲೆಯಲ್ಲಿ ಎಲ್ಲೂ ಇಲ್ಲ. ನಿಜ ಪದಗಳೇ ಬರುತ್ತಿದ್ದರೆ ಮನಸ್ಸು ಗುರುತಿಸಿ ಓದುವುದಕ್ಕೆ ಹೊರಳುತ್ತದೆ. ಪುಸ್ತಕದಲ್ಲಿ, ಪತ್ರಿಕೆಯಲ್ಲಿ ನಾವು ಓದುವುದು ನಿಜ ಪದಗಳನ್ನೇ ತಾನೆ? ಹಾಗಾದರೆ ಹುಸಿಪದ ಬೆರೆಸಿದ ಪ್ರಯೋಗ ನೋಡಿ ‘ಈ ಭಾಷೆಯವರು ಬರೀ ಕೂಡಿಸಿ ಓದುತ್ತಾರೆ’ ಎಂದರೆ, ಅದು ಭಾಷೆಯ ಗುಣವೋ ಪಟ್ಟಿಯ ಗುಣವೋ ಎಂದು ಕೇಳಲೇಬೇಕಾಗುತ್ತದೆ.

ಸಣ್ಣ ಪ್ರಯೋಗಗಳ ಕಷ್ಟ ಇಲ್ಲಿಂದಲೇ ಶುರು. ಹಳೆಯ ಪದ್ಧತಿ ಹೀಗಿತ್ತು: ಇಪ್ಪತ್ತು ಬಳಕೆಯ ಪದ, ಇಪ್ಪತ್ತು ಅಪರೂಪದ ಪದ ಆರಿಸಿ, ಉದ್ದ ಮುಂತಾದ ಉಳಿದದ್ದೆಲ್ಲ ಸಮ ಮಾಡಿ, ಹೋಲಿಸುವುದು. ಆದರೆ ಉಳಿದದ್ದೆಲ್ಲ ಸಮ ಮಾಡುವುದು ಹೇಳಿದಷ್ಟು ಸುಲಭವಲ್ಲ. ಬಳಕೆಯ ಪದಗಳು ಸಾಮಾನ್ಯವಾಗಿ ಚಿಕ್ಕವು, ಬಾಲ್ಯದಲ್ಲೇ ಕಲಿತವು, ಹಲವು ಅರ್ಥ ಇರುವಂಥವು. ಒಂದು ಎಳೆ ಎಳೆದರೆ ಹತ್ತು ಎಳೆ ಬರುತ್ತವೆ. ಹೀಗೆ ಹೊಂದಿಸಬೇಕಾದ ಗುಣಗಳು ಬೆಳೆಯುತ್ತಾ ಹೋದರೆ 1990ರ ಹೊತ್ತಿಗೆ ಪ್ರಯೋಗ ಮಾಡಲು ಪದಗಳೇ ಉಳಿಯುತ್ತವೆಯೇ ಎಂದು ಆನ್ ಕಟ್ಲರ್ 1981ರಲ್ಲೇ ಕೇಳಿದ್ದರು. 2000ದಲ್ಲಿ ಕೆನೆತ್ ಫಾರ್‌ಸ್ಟರ್ ಇನ್ನೊಂದು ತೊಂದರೆ ತೋರಿಸಿದರು. ಬಳಕೆಯ ಪ್ರಮಾಣ ಹೊಂದಿಸಿದ ಎರಡು ಪದ ಕೊಟ್ಟರೂ, ಯಾವುದನ್ನು ಜನ ಬೇಗ ಗುರುತಿಸುತ್ತಾರೆ ಎಂದು ಸಂಶೋಧಕರು ಊಹಿಸಬಲ್ಲರು. ಬೇಕೆಂದೇ ಮೋಸ ಮಾಡದಿದ್ದರೂ, ಪದ ಆರಿಸುವ ಕೈ ತನಗೆ ಬೇಕಾದ ಉತ್ತರದ ಕಡೆಗೆ ವಾಲುತ್ತದೆ. ನಲವತ್ತು ಪದಗಳ ಪಟ್ಟಿಯಲ್ಲಿ ಇದು ಸಾಕಷ್ಟು ಕೆಡಿಸುತ್ತದೆ.

ಇದಕ್ಕೆ ಸಿಕ್ಕ ದಾರಿ ಆರಿಸುವುದನ್ನೇ ಬಿಡುವುದು. ಸಿಕ್ಕಷ್ಟು ಪದಗಳನ್ನು ತೆಗೆದುಕೊಳ್ಳಿ, ಸಾವಿರ ಸಾವಿರ. ಪ್ರತಿ ಪದದ ಉದ್ದ, ಬಳಕೆ, ಅದನ್ನು ಹೋಲುವ ನೆರೆಯ ಪದಗಳು, ಕಲಿತ ವಯಸ್ಸು, ಎಲ್ಲವನ್ನೂ ಅಂಕಿಯಲ್ಲಿ ಬರೆದಿಡಿ. ಜನರಿಂದ ಓದಿಸಿ. ಆಮೇಲೆ ಯಾವ ಗುಣ ಎಷ್ಟು ಹೊತ್ತನ್ನು ವಿವರಿಸುತ್ತದೆ ಎಂದು ಲೆಕ್ಕ ಹಾಕಿ. ಕೊಡುವ ಕೆಲಸ ಸಾಮಾನ್ಯವಾಗಿ ಎರಡರಲ್ಲಿ ಒಂದು: ಪರದೆಯ ಮೇಲೆ ಬಂದದ್ದನ್ನು ಗಟ್ಟಿಯಾಗಿ ಓದುವುದು, ಅಥವಾ ಅದು ಪದವೋ ಅಲ್ಲವೋ ಎಂದು ಗುಂಡಿ ಒತ್ತಿ ಹೇಳುವುದು. ಉತ್ತರ ಬರಲು ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಸೆಕೆಂಡು ಬೇಕು. ವ್ಯತ್ಯಾಸ ಇರುವುದೆಲ್ಲ ಸೆಕೆಂಡಿನ ನೂರನೇ ಒಂದು ಭಾಗಗಳಲ್ಲಿ.

ನೀವು ಕೇಳಿದ ಇಂಗ್ಲಿಷ್ ಯೋಜನೆಯ ವರದಿ 2007ರಲ್ಲಿ ಹೊರಬಂತು, ಡೇವಿಡ್ ಬಲೋಟಾ ಅವರ ಮುಂದಾಳತ್ವದಲ್ಲಿ; ಅಂಕಿಗಳು ಅದಕ್ಕೂ ಮೊದಲೇ ಸಿಗುತ್ತಿದ್ದವು. ಅದರಲ್ಲಿ 40,481 ಪದ. 2010ರಲ್ಲಿ ಫ್ರೆಂಚ್‌ನ 38,840 ಪದಗಳ ಯೋಜನೆ ಬಂತು. ಅದೇ ವರ್ಷದ ಡಚ್ ಯೋಜನೆ ಬೇರೆ ದಾರಿ ಹಿಡಿಯಿತು: ಜನ ಬರೀ 39, ಆದರೆ ಒಬ್ಬೊಬ್ಬರೂ ಸುಮಾರು 14 ಸಾವಿರ ಪದಗಳಿಗೂ ಉತ್ತರ ಕೊಟ್ಟರು. ಅಷ್ಟು ಸಲ ಗುಂಡಿ ಒತ್ತಿದರೆ ಬೇಸತ್ತು ಫಲಿತಾಂಶ ಕೆಡುತ್ತದೆ ಎಂಬ ಭಯ ಸುಳ್ಳಾಯಿತು. ಜನ ಅಭ್ಯಾಸದಿಂದ ಚುರುಕಾದರು, ಬಳಕೆಯ ಪ್ರಭಾವ ಹಾಗೇ ಉಳಿಯಿತು.

ಈಗ ನಿಮ್ಮ ಪ್ರಶ್ನೆಯ ಹೃದಯಕ್ಕೆ ಬರುತ್ತೇನೆ. ಬರೆದಂತೆ ಓದುವ ಭಾಷೆಗೆ ನೇರವಾಗಿ ಸೇರಿದ್ದು 2010ರ ಮಲಯ ಭಾಷೆಯ ಯೋಜನೆ. ಮೆಲ್ವಿನ್ ಯಾಪ್ ಮತ್ತು ಜೊತೆಗಾರರು 9,592 ಪದಗಳ ಸಂಗ್ರಹ ಕಟ್ಟಿದರು, ಅದರಲ್ಲಿ 1,510 ಪದಗಳನ್ನು ಜನರಿಂದ ಓದಿಸಿದರು. ಮಲಯದ ರೋಮನ್ ಬರಹ ತುಂಬಾ ನೇರ. ಇಂಗ್ಲಿಷ್‌ನಲ್ಲಿ ಪದ ಗುರುತಿಸುವ ಹೊತ್ತನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುವುದು ಬಳಕೆಯ ಪ್ರಮಾಣ. ಮಲಯದಲ್ಲಿ ಮೊದಲ ಸ್ಥಾನ ಪದದ ಉದ್ದಕ್ಕೆ ಹೋಯಿತು. ಉದ್ದ ಹೆಚ್ಚಿದಷ್ಟೂ ಹೊತ್ತು ಹೆಚ್ಚು, ಗಟ್ಟಿಯಾಗಿ ಓದುವಾಗಲೂ, ಪದವೋ ಅಲ್ಲವೋ ಎನ್ನುವಾಗಲೂ. ಇಲ್ಲಿಗೆ ನಿಲ್ಲಿಸಿದ್ದರೆ ನೀವು ಗೆದ್ದಂತೆ. ಆದರೆ ಬಳಕೆಯ ಪ್ರಭಾವ ಮಾಯವಾಗಲಿಲ್ಲ. ಅದು ಅಲ್ಲೂ ಇತ್ತು, ಪದವೋ ಅಲ್ಲವೋ ಎನ್ನುವ ಕೆಲಸದಲ್ಲಿ ಇನ್ನೂ ಜೋರಾಗಿತ್ತು.

ಇಂಗ್ಲಿಷ್‌ನ ಉದ್ದದ ಕಥೆ ಪಕ್ಕದಲ್ಲಿಟ್ಟು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. 2006ರಲ್ಲಿ ಇಂಗ್ಲಿಷ್ ಯೋಜನೆಯ ಅಂಕಿಗಳನ್ನೇ ಬಳಸಿ ಒಂದು ವಿಶ್ಲೇಷಣೆ ನಡೆಯಿತು. ಮೂರರಿಂದ ಐದು ಅಕ್ಷರದವರೆಗೆ ಪದ ಉದ್ದವಾದಷ್ಟೂ ಗುರುತಿಸುವುದು ಬೇಗ! ಐದರಿಂದ ಎಂಟರವರೆಗೆ ವ್ಯತ್ಯಾಸವೇ ಇಲ್ಲ. ಎಂಟರ ಮೇಲೆ ನಿಧಾನ. ಇಪ್ಪತ್ತು, ಮೂವತ್ತು ಪದಗಳ ಪ್ರಯೋಗದಲ್ಲಿ ಈ ಬಾಗಿದ ಗೆರೆ ಕಾಣುವುದು ಸಾಧ್ಯವೇ ಇರಲಿಲ್ಲ. ಒಬ್ಬರಿಗೆ ಉದ್ದ ನೆರವು ಎಂದು ಕಂಡಿರುತ್ತಿತ್ತು, ಇನ್ನೊಬ್ಬರಿಗೆ ತೊಡಕು ಎಂದು. ಇಬ್ಬರೂ ತಮ್ಮ ಪಟ್ಟಿಯ ಮಟ್ಟಿಗೆ ಸರಿ.

ಅದೇ ಪದ ಎರಡು ಭಾಷೆಯಲ್ಲಿದ್ದರೆ? ಅದನ್ನೂ ನೋಡಿದ್ದಾರೆ. ಜರ್ಮನ್ ಮತ್ತು ಇಂಗ್ಲಿಷ್‌ನಲ್ಲಿ ‘ಸ್ಯಾಂಡ್’, ‘ಝೂ’ ಮೊದಲಾದ ಪದಗಳಿಗೆ ಬರಹ ಒಂದೇ, ಅರ್ಥವೂ ಒಂದೇ. 2001ರಲ್ಲಿ ಝೀಗ್ಲರ್ ಮತ್ತು ಜೊತೆಗಾರರು ಇಂಥ ಪದಗಳನ್ನು ಎರಡೂ ಭಾಷೆಯವರಿಂದ ಓದಿಸಿದರು. ಜರ್ಮನ್ನರಲ್ಲಿ ಉದ್ದದ ಪ್ರಭಾವ ಹೆಚ್ಚು. ಇಂಗ್ಲಿಷರಲ್ಲಿ ಪದದ ಕೊನೆಯ ತುಂಡಿನ ಪ್ರಭಾವ ಹೆಚ್ಚು, ಅಂದರೆ ‘ಸ್ಯಾಂಡ್, ಹ್ಯಾಂಡ್, ಬ್ಯಾಂಡ್’ ಎಂಬ ಬಳಗ. ಇಂಗ್ಲಿಷ್‌ನಲ್ಲಿ ಒಂದೊಂದೇ ಅಕ್ಷರವನ್ನು ನಂಬಿದರೆ ಮೋಸಹೋಗುತ್ತೇವೆ, ಅದಕ್ಕೇ ಓದುಗ ದೊಡ್ಡ ತುಂಡುಗಳನ್ನು ಹಿಡಿಯಲು ಕಲಿಯುತ್ತಾನೆ. ಜರ್ಮನ್‌ನಲ್ಲಿ ಸಣ್ಣ ತುಂಡೇ ನಂಬಿಕೆಗೆ ಸಾಕು. ನನಗೆ ಒಪ್ಪಿಗೆಯಾಗುವ ವಿವರಣೆ ಇದು: ಕೂಡಿಸುವುದು ಮತ್ತು ಗುರುತಿಸುವುದು ಎಲ್ಲ ಭಾಷೆಯಲ್ಲೂ ಒಟ್ಟಿಗೇ ನಡೆಯುತ್ತವೆ. ಬರಹ ಎಷ್ಟು ನೇರ ಎಂಬುದರ ಮೇಲೆ ಅವುಗಳ ಪಾಲು ಬದಲಾಗುತ್ತದೆ, ಹಿಡಿಯುವ ತುಂಡಿನ ಗಾತ್ರ ಬದಲಾಗುತ್ತದೆ.

‘ಬರೆದಂತೆ ಓದುವ’ ಎನ್ನುವ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಇಟಾಲಿಯನ್ ಇದಕ್ಕೆ ಮಾದರಿ ಎನ್ನುತ್ತಾರೆ. ಆದರೆ ಅಲ್ಲಿ ಸಿ, ಜಿ ಅಕ್ಷರಗಳ ಉಚ್ಚಾರ ಮುಂದೆ ಬರುವ ಸ್ವರದ ಮೇಲೆ ನಿಂತಿದೆ. ಸಿ ಮುಂದೆ ಎ ಬಂದರೆ ‘ಕ’, ಐ ಬಂದರೆ ‘ಚಿ’. ನಿಯಮ ಎಲ್ಲೂ ತಪ್ಪುವುದಿಲ್ಲ, ಆದರೂ ಅಪರೂಪದ ಪದದಲ್ಲಿ ಇಂಥ ಅಕ್ಷರ ಇದ್ದರೆ ಓದು ನಿಧಾನವಾಗುತ್ತದೆ ಎಂದು ಕ್ರಿಸ್ಟೀನಾ ಬುರಾನಿ ಮತ್ತು ಜೊತೆಗಾರರು 2006ರಲ್ಲಿ ತೋರಿಸಿದರು. ಇನ್ನೂ ಮುಖ್ಯವಾದದ್ದು ಒತ್ತು, ಅಂದರೆ ಪದದ ಯಾವ ತುಂಡನ್ನು ಜೋರಾಗಿ ಉಚ್ಚರಿಸಬೇಕು ಎಂಬುದು. ಮೂರು ಉಚ್ಚಾರ ತುಂಡಿನ ಇಟಾಲಿಯನ್ ಪದಗಳಲ್ಲಿ ಸುಮಾರು ಶೇಕಡಾ 80ರಲ್ಲಿ ಒತ್ತು ಕೊನೆಯಿಂದ ಎರಡನೆಯ ತುಂಡಿನ ಮೇಲೆ ಬೀಳುತ್ತದೆ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಮೊದಲನೆಯದರ ಮೇಲೆ. ಈ ಎರಡರಲ್ಲಿ ಯಾವ ಪದಕ್ಕೆ ಯಾವುದು ಎಂದು ಬರಹ ಸಾಮಾನ್ಯವಾಗಿ ಹೇಳುವುದಿಲ್ಲ. ಪದ ಗೊತ್ತಿರಬೇಕು, ಅಷ್ಟೆ. ಅಂದರೆ ಇಟಾಲಿಯನ್‌ನಲ್ಲೂ ಒಂದು ಪದವನ್ನು ಸರಿಯಾಗಿ ಉಚ್ಚರಿಸಲು ಆ ಪದದ ಪರಿಚಯ ಬೇಕು.

ಕಲಿತ ವಯಸ್ಸಿನ ವಿಷಯ ಇನ್ನೂ ಜಗಳದಲ್ಲೇ ಇದೆ. ಚಿಕ್ಕಂದಿನಲ್ಲಿ ಕಲಿತ ಪದ ದೊಡ್ಡವರಾದ ಮೇಲೂ ಬೇಗ ಓದಲು ಬರುತ್ತದೆಯೇ? ಬರೆದಂತೆ ಓದುವ ಭಾಷೆಯಲ್ಲಿ ಮೊದಲು ಕಲಿತ ಪದಗಳ ಅಕ್ಷರಜ್ಞಾನವೇ ನಂತರದ ಪದಗಳಿಗೂ ಉಪಯೋಗಕ್ಕೆ ಬರುತ್ತದೆ, ಆದ್ದರಿಂದ ಈ ಪ್ರಭಾವ ಇರಬಾರದು ಎಂಬುದು ಒಂದು ವಾದ. ಇಟಾಲಿಯನ್‌ನ ಗಟ್ಟಿ ಓದಿನಲ್ಲಿ ಕೆಲಸ ಮಾಡುವುದು ಬಳಕೆಯ ಪ್ರಮಾಣ, ಕಲಿತ ವಯಸ್ಸಲ್ಲ ಎಂದು 2007ರಲ್ಲಿ ಕಂಡಿತು. ಆದರೆ ಅದಕ್ಕೆ ಒಂದು ವರ್ಷ ಮೊದಲು, ಇಟಾಲಿಯನ್‌ಗಿಂತಲೂ ನೇರವಾದ ಟರ್ಕಿಶ್‌ನಲ್ಲಿ ಕಲಿತ ವಯಸ್ಸಿನ ಪ್ರಭಾವ ಸಿಕ್ಕಿತ್ತು. ಇಂಥ ಜಗಳ ಬಗೆಹರಿಯಲು ಸಾವಿರಾರು ಪದಗಳ ಅಂಕಿಯೇ ಬೇಕು.

ಜನರ ಸಂಖ್ಯೆಯೂ ಈಗ ಬೆಳೆದಿದೆ. ಸ್ಪ್ಯಾನಿಷ್‌ನಲ್ಲಿ 2018ರಲ್ಲಿ ಪ್ರಕಟವಾದ ಸ್ಪಾಲೆಕ್ಸ್ ಎಂಬ ಸಂಗ್ರಹದಲ್ಲಿ ಸುಮಾರು 45 ಸಾವಿರ ಪದಗಳಿವೆ. ಅಂತರ್ಜಾಲದ ಮೂಲಕ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಉತ್ತರ ಕೊಟ್ಟಿದ್ದಾರೆ. ಇಷ್ಟು ಜನ ಇದ್ದಾಗ ಹೊಸ ಪ್ರಶ್ನೆ ಕೇಳಬಹುದು. ಒಂದು ಪದ ನೂರು ಜನರಲ್ಲಿ ಎಷ್ಟು ಜನಕ್ಕೆ ಗೊತ್ತು? ಪುಸ್ತಕಗಳಲ್ಲಿ ಅಪರೂಪವಾದರೂ ಎಲ್ಲರಿಗೂ ಗೊತ್ತಿರುವ ಪದಗಳಿವೆ. ಅಷ್ಟೇ ಅಪರೂಪವಾಗಿ ಕೆಲವರಿಗೆ ಮಾತ್ರ ಗೊತ್ತಿರುವವೂ ಇವೆ. ಬಳಕೆಯ ಎಣಿಕೆಯಲ್ಲಿ ಎರಡೂ ಒಂದೇ, ಓದುಗನ ತಲೆಯಲ್ಲಿ ಅಲ್ಲ.

ಎಣಿಕೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ಯಾಕಂದರೆ ಈ ಕ್ಷೇತ್ರದಲ್ಲಿ ತುಂಬಾ ಜನ ಎಡವುವುದು ಇಲ್ಲೇ. ಇಂಗ್ಲಿಷ್‌ನಲ್ಲಿ ದಶಕಗಳ ಕಾಲ 1967ರ ಒಂದು ಎಣಿಕೆಯನ್ನೇ ಎಲ್ಲರೂ ಬಳಸಿದರು. ಅದು ಅಚ್ಚಾದ ಬರಹಗಳ ಸುಮಾರು 10 ಲಕ್ಷ ಪದಗಳಿಂದ ಬಂದದ್ದು. 2009ರಲ್ಲಿ ಬ್ರಿಸ್‌ಬರ್ಟ್ ಮತ್ತು ನ್ಯೂ ಸಿನಿಮಾ, ಟಿವಿ ಕಾರ್ಯಕ್ರಮಗಳ ಸಬ್‌ಟೈಟಲ್‌ಗಳಿಂದ 5 ಕೋಟಿಗೂ ಹೆಚ್ಚು ಪದ ಎಣಿಸಿದರು. ಓದುವ ಹೊತ್ತನ್ನು ಈ ಹೊಸ ಎಣಿಕೆ ಹಳೆಯದಕ್ಕಿಂತ ಎಷ್ಟೋ ಚೆನ್ನಾಗಿ ವಿವರಿಸಿತು. ಜನ ದಿನವೂ ಕಿವಿಯಲ್ಲಿ ಕೇಳುವ, ಬಾಯಲ್ಲಿ ಆಡುವ ಪದಗಳು ಅದರಲ್ಲಿದ್ದವು. ಅದಲ್ಲದೆ ಬಳಕೆಯ ಪ್ರಭಾವ ಬಹುಪಾಲು ಅಪರೂಪದ ಪದಗಳ ನಡುವೆಯೇ ಇರುತ್ತದೆ. ಹತ್ತು ಲಕ್ಷಕ್ಕೆ ಒಂದು ಸಲವೋ ಐದು ಸಲವೋ ಎಂಬ ವ್ಯತ್ಯಾಸ ಸಣ್ಣ ಸಂಗ್ರಹದಲ್ಲಿ ಕಾಣುವುದೇ ಇಲ್ಲ.

ಇದೆಲ್ಲ ಸುಮ್ನೆ ಪ್ರಯೋಗಶಾಲೆಯ ಆಟವಲ್ಲ. ಓದಲು ಕಷ್ಟಪಡುವ ಮಕ್ಕಳ ವಿಷಯ ಬಂದಾಗ ನನಗೆ ಇದರ ತುರ್ತು ಅರ್ಥವಾಗುತ್ತದೆ. 2003ರಲ್ಲಿ ಸೇಮರ್ ಮತ್ತು ಜೊತೆಗಾರರು ಯುರೋಪಿನ ಹಲವು ಭಾಷೆಗಳಲ್ಲಿ ಒಂದನೇ ತರಗತಿಯ ಕೊನೆಯಲ್ಲಿರುವ ಮಕ್ಕಳಿಂದ ಪರಿಚಿತ ಪದ ಓದಿಸಿದರು. ಫಿನ್ನಿಶ್, ಗ್ರೀಕ್, ಜರ್ಮನ್ ಮಕ್ಕಳು ಶೇಕಡಾ 98 ಸರಿ ಓದಿದರು, ಇಟಾಲಿಯನ್ ಮತ್ತು ಸ್ಪ್ಯಾನಿಷ್ ಮಕ್ಕಳು 95, ಇಂಗ್ಲಿಷ್ ಮಕ್ಕಳು ಬರೀ 34. ಇದನ್ನು ಓದಿ ‘ನೇರ ಬರಹ ಇದ್ದರೆ ಓದುವ ತೊಂದರೆಯೇ ಇಲ್ಲ’ ಎಂದುಕೊಂಡವರಿದ್ದಾರೆ. ಅದು ತಪ್ಪು. ಅಲ್ಲಿ ತೊಂದರೆ ಇರುವ ಮಗು ಅಷ್ಟಾಗಿ ತಪ್ಪು ಓದುವುದಿಲ್ಲ, ನಿಧಾನವಾಗಿ ಓದುತ್ತದೆ. 2005ರಲ್ಲಿ ಝೊಕ್ಕೊಲೊಟ್ಟಿ ಮತ್ತು ಜೊತೆಗಾರರು ಇಟಾಲಿಯನ್ ಮಕ್ಕಳಲ್ಲಿ ಇದನ್ನು ಅಳೆದರು. ಒಂದನೇ ತರಗತಿಯಲ್ಲಿ ಪದ ಉದ್ದವಾದಷ್ಟೂ ಹೊತ್ತು ಏರುತ್ತದೆ. ಮೂರನೇ ತರಗತಿಗೆ ಬರುವಷ್ಟರಲ್ಲಿ ಆ ಏರಿಕೆ ಬಹಳ ಇಳಿಯುತ್ತದೆ, ಮಗು ಪದಗಳನ್ನು ಗುರುತಿಸಲು ಶುರು ಮಾಡಿರುತ್ತದೆ. ಡಿಸ್ಲೆಕ್ಸಿಯಾ ಎಂಬ ಓದಿನ ತೊಂದರೆ ಇರುವ ಮೂರನೇ ತರಗತಿಯ ಮಕ್ಕಳಲ್ಲಿ ಮಾತ್ರ ಅದು ಒಂದನೇ ತರಗತಿಯವರಂತೆಯೇ ಉಳಿದಿತ್ತು.

ಈಗ ಯೋಚಿಸಿ. ತಪ್ಪುಗಳನ್ನು ಮಾತ್ರ ಎಣಿಸುವ ಪರೀಕ್ಷೆಯಲ್ಲಿ ಈ ಮಗು ಪಾಸಾಗಿಬಿಡುತ್ತದೆ. ಅಕ್ಷರ ಕೂಡಿಸಿ ಕೂಡಿಸಿ ಸರಿಯಾಗಿಯೇ ಓದುತ್ತದೆ, ವಾಕ್ಯದ ಕೊನೆಗೆ ಬರುವಾಗ ಮೊದಲನೆಯದು ಮರೆತಿರುತ್ತದೆ. ‘ಓದಲು ಬರುತ್ತದೆ, ಗಮನ ಇಲ್ಲ’ ಎಂದು ದೊಡ್ಡವರು ಬೈಯುತ್ತಾರೆ. ಎಷ್ಟು ಹೊತ್ತು ಬೇಕಾಯಿತು ಎಂದು ಅಳೆದರೆ, ಉದ್ದ ಪದಕ್ಕೂ ಗಿಡ್ಡ ಪದಕ್ಕೂ ಇರುವ ಅಂತರ ನೋಡಿದರೆ, ತೊಂದರೆ ಎಲ್ಲಿದೆ ಎಂದು ಗೊತ್ತಾಗುತ್ತದೆ. ಆದರೆ ಹಾಗೆ ಅಳೆಯಲು ಯಾವ ಪದಕ್ಕೆ ಸಾಮಾನ್ಯವಾಗಿ ಎಷ್ಟು ಹೊತ್ತು ಎಂಬ ಅಂಕಿ ಮೊದಲೇ ಇರಬೇಕು. ದೊಡ್ಡ ಸಂಗ್ರಹಗಳು ಕೊಡುವುದು ಅದನ್ನೇ. ಇನ್ನೊಂದು ಒಳ್ಳೆಯ ಸುದ್ದಿಯೂ ಇಟಾಲಿಯನ್‌ನಿಂದಲೇ ಬಂದಿದೆ. ಪರಿಚಿತ ಮೂಲಪದ ಮತ್ತು ಪರಿಚಿತ ಪ್ರತ್ಯಯ ಸೇರಿಸಿ ಮಾಡಿದ ಹೊಸ ಪದಗಳನ್ನು ಡಿಸ್ಲೆಕ್ಸಿಯಾ ಇರುವ ಮಕ್ಕಳೂ ಬೇಗ ಓದುತ್ತಾರೆ. ಇಡೀ ಪದ ಹಿಡಿಯಲಾಗದಿದ್ದರೂ ಅದರ ಭಾಗಗಳನ್ನು ಹಿಡಿಯುತ್ತಾರೆ.

ಕನ್ನಡದಂಥ ಬರಹಕ್ಕೆ ಇದೆಲ್ಲವನ್ನೂ ಹಾಗ್ಹಾಗೇ ತಂದು ಅಂಟಿಸಲಾಗದು. ಉದ್ದವನ್ನು ಯಾವುದರಲ್ಲಿ ಅಳೆಯುವುದು? ‘ಸ್ತ್ರೀ’ ಒಂದೇ ಅಕ್ಷರ, ಆದರೆ ಅದರೊಳಗೆ ಮೂರು ವ್ಯಂಜನ, ಒಂದು ದೀರ್ಘ ಸ್ವರ. ‘ಸೂರ್ಯ’ ಬರೆಯುವಾಗ ‘ರ’ ಉಚ್ಚಾರದಲ್ಲಿ ಮೊದಲು ಬರುತ್ತದೆ, ಅರ್ಕಾವೊತ್ತು ಮಾತ್ರ ‘ಯ’ದ ನಂತರ ಕೂರುತ್ತದೆ. ಉಚ್ಚಾರದಲ್ಲಿ ಅನುಮಾನವೇ ಇಲ್ಲ, ಆದರೆ ಕಣ್ಣು ಹಿಂದಕ್ಕೆ ಬರಬೇಕು. ಕಲಿಯಬೇಕಾದ ಅಕ್ಷರ ರೂಪಗಳೂ ನೂರಾರು. ಸೊನಾಲಿ ನಾಗ್ 2007ರಲ್ಲಿ ತೋರಿಸಿದ ಹಾಗೆ, ಕನ್ನಡದಲ್ಲಿ ಅಕ್ಷರ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ಇದರ ಮೇಲೆ ಪ್ರತ್ಯಯಗಳು. ‘ಮನೆ’ಯಿಂದ ಮನೆಯಲ್ಲಿ, ಮನೆಗಳಲ್ಲಿ, ಮನೆಗಳಲ್ಲಿಯೂ ಎಂದು ಬೆಳೆಯುತ್ತಾ ಹೋದರೆ ಯಾವುದನ್ನು ‘ಒಂದು ಪದ’ ಎಂದು ಎಣಿಸುವುದು? ಫಿನ್ನಿಶ್‌ನವರಿಗೂ ಇದೇ ತಲೆನೋವು.

ನೀವು ಈ ದಾರಿಯಲ್ಲಿ ಮುಂದೆ ಹೋಗುವ ಮನಸ್ಸು ಮಾಡಿದ್ದರೆ, ಪ್ರಯೋಗಕ್ಕೆ ಮೊದಲು ಎಣಿಕೆಗೆ ಕೈ ಹಾಕಿ. ಪತ್ರಿಕೆಯ ಭಾಷೆ ಮಾತ್ರ ಸಾಲದು, ಜನ ಆಡುವ ಮಾತಿಗೆ ಹತ್ತಿರದ ಬರಹ ಬೇಕು. ಪ್ರತಿ ಪದವನ್ನು ಎರಡು ಸಲ ಎಣಿಸಿ, ಇಡೀ ರೂಪವಾಗಿ ಒಮ್ಮೆ, ಮೂಲಪದವಾಗಿ ಒಮ್ಮೆ. ಉದ್ದವನ್ನು ಅಕ್ಷರದಲ್ಲಿ ಒಮ್ಮೆ, ಉಚ್ಚಾರದ ಧ್ವನಿಗಳಲ್ಲಿ ಒಮ್ಮೆ ಬರೆಯಿರಿ, ಒತ್ತಕ್ಷರ ಎಷ್ಟಿವೆ ಎಂದು ಬೇರೆ ಗುರುತು ಹಾಕಿ. ಹುಸಿಪದ ಬೆರೆಸಿದ ಪಟ್ಟಿ ಒಂದು, ಬೆರೆಸದ ಪಟ್ಟಿ ಒಂದು ಇಟ್ಟುಕೊಳ್ಳಿ, ಪರ್ಷಿಯನ್ ಪ್ರಯೋಗ ಕಲಿಸಿದ್ದನ್ನು ಮರೆಯದೆ. ಒಂದೆರಡು ಸಾವಿರ ಪದಗಳಿಂದ ಶುರು ಮಾಡಿದರೂ ಸಾಕು. ಮಲಯದವರು 1,510ರಿಂದಲೇ ಇಷ್ಟು ಹೇಳಿದರು.